ಹಾಲ್ವರಜ್ಜನ ನೇಗಿಲ ಸಾಲು

ಅಮೆರಿಕದ ಅಯೋವಾದ ಹುಲ್ಲುಗಾವಲಿಗೆ ನಾವು ನಾರ್ವೆಯವರು ಬಂದ ಹೊಸದರಲ್ಲಿ ದಾರಿಯೆಂಬುದೇ ಇರಲಿಲ್ಲ. ಆಳೆತ್ತರದ ಹುಲ್ಲಿನಲ್ಲಿ ಯಾರೂ ಕಳೆದುಹೋಗಬಾರದೆಂದು ಹಾಲ್ವರಜ್ಜ ಎತ್ತು ಹೂಡಿ ಮನೆಯಿಂದ ಮನೆಗೆ ಒಂದೊಂದು ಸಾಲು ಉಳುತ್ತಿದ್ದ. ಎಪ್ಪತ್ತು ದಾಟಿದ್ದರೂ ಅಂಥ ಗಟ್ಟಿಗ ಮತ್ತೊಬ್ಬನಿರಲಿಲ್ಲ. "ನಿನ್ನ ಮನೇದೊಂದು ಬಾಕಿ ಕಣಮ್ಮಾ, ಚಳಿಗೆ ಮುಂಚೆ ಮುಗಿಸ್ತೀನಿ" ಅಂದವನು ಸುಗ್ಗಿಯಲ್ಲೇ ತೀರಿಕೊಂಡ.

ಆ ಚಳಿಗಾಲ ನನ್ನ ಮಗಳು ಸಿಗ್ನೆಗೆ ಉಸಿರು ಕಟ್ಟತೊಡಗಿತು. ಮಗುವನ್ನೆತ್ತಿಕೊಂಡು ಔಷಧಿ ಬಲ್ಲ ರಾಗ್ನಕ್ಕನ ಮನೆಗೆ ಮಧ್ಯಾಹ್ನವೇ ಹೊರಟೆ. ನಡುವೆ ಹಿಮಗಾಳಿ ಎದ್ದು ನನ್ನ ಕೈಯೇ ನನಗೆ ಕಾಣದಾಯಿತು. ಮಗುವನ್ನು ಅವಚಿಕೊಂಡು ನಿಂತುಬಿಟ್ಟೆ. ಆಗ ಮುಂದೆಲ್ಲೋ ಬಟ್ಟೆ ಹರಿದಂಥ ಸದ್ದು ಕೇಳಿಸಿತು, ನೇಗಿಲು ಹುಲ್ಲಿನ ಬೇರು ಸೀಳುವಾಗ ಬರುತ್ತದಲ್ಲ, ಅದೇ. ಎತ್ತಿನ ಉಸಿರಿನ ವಾಸನೆ ಬಂತು. ಕಾಲಡಿಯ ಮಣ್ಣು ಮೆತ್ತಗೆ, ಬೆಚ್ಚಗಿತ್ತು. ಅದನ್ನೇ ಹಿಡಿದು ನಡೆದೆ.

ಬಾಗಿಲು ತೆಗೆದ ರಾಗ್ನಕ್ಕ ಮಗುವನ್ನು ಕಸಿದುಕೊಂಡು, "ಹುಚ್ಚು ಹಿಡಿದಿದೆಯೇನೇ ನಿಂಗೆ, ಈ ಗಾಳೀಲಿ!" ಎಂದು ಬೈದಳು. ಆಮೇಲೆ ನನ್ನ ಬೂಟು ನೋಡಿದಳು. "ನೆಲವೆಲ್ಲಾ ಹೆಪ್ಪುಗಟ್ಟಿ ಕಲ್ಲಾಗಿದೆ. ಹಸಿ ಮಣ್ಣು ಎಲ್ಲಿ ತುಳಿದ್ಯೇ?"

ಸಿಗ್ನೆ ಬದುಕಿದಳು. ಹಿಮ ಕರಗಿದಾಗ ನಮ್ಮ ಹೊಸ್ತಿಲಿಂದ ರಾಗ್ನಕ್ಕನ ಬಾಗಿಲವರೆಗೆ ಒಂದು ನೇಗಿಲ ಸಾಲಿತ್ತು. ಈಗ ಜಿಲ್ಲೆಯ ಗಾಡಿರಸ್ತೆ ಹೋಗುವುದು ಅದರ ಮೇಲೇ.