ಪೂಜೆಯ ಕಟ್ಟಿನ ಗ್ಯಾರಂಟಿ ಕಾರ್ಡು

2009ರ ಜನವರಿ 19, ಸೋಮವಾರ, ಬೆಳಿಗ್ಗೆ 10:40. ಬಸವಕಲ್ಯಾಣ ಠಾಣೆಗೆ ಬಂದ ಶಾಲಾ ಶಿಕ್ಷಕಿ ವಿಶಾಖಾ, ಇನ್‌ಸ್ಪೆಕ್ಟರ್ ಜ್ಞಾನೇಶ್ವರರ ಮೇಜಿನ ಮೇಲೆ ನಿಂತುಹೋದ ಕೈಗಡಿಯಾರ ಇಟ್ಟರು. ಪಕ್ಕದಲ್ಲಿ ಅದರ ಗ್ಯಾರಂಟಿ ಕಾರ್ಡು.

“ತಮ್ಮನ ಮದುವಿಗೆ ತರಿಸಿದ್ದೆರಿ. ರಾಜಮುದ್ರಾ ಕಂಪನಿದು. ನಾಕ ದಿನಕ್ಕ ನಿಂತದ.”

“ಎಲ್ಲಿ ಕೊಂಡ್ರಿ?”

“ಇಂಟರ್ನೆಟ್ಟಿನ್ಯಾಗ. ಅರ್ಧ ರೇಟ್ ಇತ್ತು. ಪೋಸ್ಟಮನ್ ಕೈಯಾಗ ರೊಕ್ಕ ಕೊಟ್ಟ ಮ್ಯಾಲ ಪಾರ್ಸೆಲ್ ಕೊಟ್ಟ. ಕಾರ್ಡಿನ ಮ್ಯಾಲ ನಮ್ಮೂರ ಸಂಜೀವಕುಮಾರ ಅವರ ಅಂಗಡಿ ಶಿಕ್ಕಾ ಅದ. ಅವರನ್ನ ಕೇಳಿದ್ರ ವಾಚು ನಂದಲ್ಲ ಅಂತಾರ.”

ಮೊಹರು ನಿಜವಾಗಿಯೂ ಸಂಜೀವಕುಮಾರನದೇ. ತಾಲೂಕಿಗೆಲ್ಲ ರಾಜಮುದ್ರಾ ಏಜೆನ್ಸಿ ಇದ್ದದ್ದು ಅವನೊಬ್ಬನಿಗೆ. ಸಂಜೆಯೊಳಗೆ ಇಂಥದೇ ಕಾರ್ಡು ಹಿಡಿದು ಇನ್ನೂ ಹತ್ತು ಜನ ಬಂದರು. ವಂಚನೆಯ ಕಲಂ 420ರಡಿ ಎಫ್‌ಐಆರ್ ದಾಖಲಾಯಿತು, ಆರೋಪಿ ಸಂಜೀವಕುಮಾರ. ಅಂಗಡಿಗೆ ಗಾಜಿನ ಬಾಗಿಲು, ಎ.ಸಿ. ಹಾಕಿಸಿಕೊಂಡವನು ಸಿಕ್ಕಿಬಿದ್ದನೆಂದರೆ ಪೇಟೆಗೆ ಹಬ್ಬದೂಟ. ಅಯ್ಯೋ ಪಾಪ ಎಂದವರೂ ಒಳಗೊಳಗೆ ಖುಷಿಪಟ್ಟರು.

“ಸಾಹೇಬ್ರ, ನಾ ಮಾಡಿಲ್ಲರಿ. ಸುದ್ದಿ ಕಂಪನಿಗೂ ಮುಟ್ಯದ. ಏಳು ದಿನದಾಗ ಖರೆ ಏನಂತ ತೋರಿಸದಿದ್ರ ಏಜೆನ್ಸಿ ತೆಗೀತೇವಿ ಅಂತ ಫ್ಯಾಕ್ಸ್ ಕಳಿಸ್ಯಾರ,” ಎಂದು ಸಂಜೀವಕುಮಾರ ಕೈಮುಗಿದ.

ಮರುದಿನ 20ರಂದು ಕಾನ್‌ಸ್ಟೇಬಲ್ ಮೊಹಿನುದ್ದೀನ್ ಜ್ಞಾನೇಶ್ವರರ ಜೊತೆ ಸೈಬರ್ ಕೆಫೆಗೆ ಹೋಗಿ ವಿಶಾಖಾ ಹೇಳಿದ ತಾಣವನ್ನೂ ಕಂಪನಿಯ ತಾಣವನ್ನೂ ಅಕ್ಕಪಕ್ಕ ತೆರೆಸಿದ.

“ಎರಡೂ ಒಂದೇ ಅವ ಅಲ್ರಿ ಸಾಹೇಬ್ರ?”

“ಬಣ್ಣ ನೋಡಬ್ಯಾಡ. ತಳದಾಗ ನೋಡು. ಇದರಾಗ ಆಫೀಸಿನ ವಿಳಾಸ ಎಲ್ಲದ?”

ವಿಳಾಸವಿರಲಿಲ್ಲ. ಒಂದು ಮೊಬೈಲ್ ಸಂಖ್ಯೆ ಇತ್ತು, ಅದು ಬಂದ್. ‘ಇವತ್ತೊಂದೇ ದಿನ ಅರ್ಧ ಬೆಲೆ’ ಎಂದಿತ್ತು. ಅದು ದಿನವೂ ಇರುತ್ತಿತ್ತಂತೆ. ಕಂಪನಿಯ ಅಸಲಿ ತಾಣದಲ್ಲಾದರೆ, ನಾವು ಅಂಚೆಯಲ್ಲಿ ಗಡಿಯಾರ ಮಾರುವುದಿಲ್ಲ, ಹತ್ತಿರದ ಅಂಗಡಿಗೆ ಹೋಗಿ ಎಂದು ಸ್ಪಷ್ಟವಾಗಿ ಬರೆದಿತ್ತು. ಅರ್ಧ ಬೆಲೆ ಕಂಡ ಕಣ್ಣಿಗೆ ಇಷ್ಟು ಕಾಣುವುದಿಲ್ಲ.

ಅಂಚೆ ಮುದ್ರೆಯ ಪ್ರಕಾರ ಪಾರ್ಸೆಲ್ಲುಗಳು ಹೊರಟದ್ದು ಹುಮನಾಬಾದಿನ ಅಂಚೆ ಕಚೇರಿಯಿಂದ. ಮಧ್ಯಾಹ್ನ 1:15ಕ್ಕೆ ಇಬ್ಬರೂ ಅಲ್ಲಿದ್ದರು. ಪ್ರತಿ ಸಲವೂ ಬಸ್ ನಿಲ್ದಾಣದ ಬೇರೆ ಬೇರೆ ಹಮಾಲರು ತಂದು ಕೊಟ್ಟಿದ್ದರು.

“ಗಿರಾಕಿಗಳಿಂದ ವಾಪಸ್ ಬಂದ ರೊಕ್ಕ ಯಾರು ಒಯ್ದ್ರು?”

“ಯಾರೂ ಒಯ್ದಿಲ್ಲರಿ. ಹನ್ನೊಂದೂ ಮನಿಯಾರ್ಡರ್ ಇಲ್ಲೇ ಅವ,” ಎಂದರು ಪೋಸ್ಟ್‌ಮಾಸ್ಟರ್.

ಜ್ಞಾನೇಶ್ವರ ಜೀಪು ಹತ್ತಿದರು. ಆಮೇಲೆ ಹೇಳಿದರು: “ಇವಗ ರೊಕ್ಕ ಬೇಕಾಗಿಲ್ಲ ಮೊಹಿನುದ್ದೀನ್. ಸಂಜೀವಕುಮಾರನ ಮಾನ ಬೇಕಾಗ್ಯದ.”

21ರಂದು ಬೆಳಿಗ್ಗೆ 11ಕ್ಕೆ ಸಂಜೀವಕುಮಾರನ ಅಂಗಡಿಯಲ್ಲಿ ಪಂಚನಾಮೆ. ಹನ್ನೊಂದು ಕಾರ್ಡುಗಳನ್ನೂ ಸಾಲಾಗಿ ಇಟ್ಟು ನೋಡಿದರೆ ಎಲ್ಲದರ ಅಂಚಿನಲ್ಲೂ ತೆಳುವಾಗಿ ಅರಿಶಿನ ಹತ್ತಿತ್ತು. ಅದನ್ನು ಕಂಡು ಸಂಜೀವಕುಮಾರನ ಮುಖ ಬಿಳಚಿಕೊಂಡಿತು.

“ಇದು ದೀಪಾವಳಿ ಪೂಜಾದ ಕಟ್ಟರಿ! ನೂರು ಕಾರ್ಡಿಗೆ ಶಿಕ್ಕಾ ಹೊಡದು ಲಕ್ಷ್ಮೀ ಮುಂದ ಇಡ್ತೇವಿ. ಮುಂದಿನ ದೀಪಾವಳಿ ತನಕ ಯಾರೂ ಬಿಚ್ಚಂಗಿಲ್ಲ.”

“ಬಿಚ್ಚರಿ.”

“ಸಾಹೇಬ್ರ, ಪೂಜಾದ್ದು...”

“ಬಿಚ್ಚರಿ.”

ಲಕ್ಷ್ಮಿಯ ಫೋಟೋದ ಹಿಂದಿನಿಂದ ಕೆಂಪು ವಸ್ತ್ರದ ಗಂಟು ಇಳಿಯಿತು. ಒಳಗೆ ಒಂದೂ ಕಾರ್ಡಿರಲಿಲ್ಲ. ಕಾರ್ಡಿನ ಅಳತೆಗೆ ಕತ್ತರಿಸಿದ ರದ್ದಿ ಕಾಗದವಿತ್ತು. ಅದರ ಮೇಲೆ ಕಂಪ್ಯೂಟರ್ ಟೈಪಿಂಗ್ ಕಲಿಯುವವರು ಹೊಡೆಯುವ ಅವೇ ನಾಲ್ಕು ಅಕ್ಷರ, ಸಾಲು ಸಾಲು. ದೇವರ ಗಂಟನ್ನು ವರ್ಷವಿಡೀ ಯಾರು ಮುಟ್ಟುತ್ತಾರೆಂಬ ಧೈರ್ಯ ಕದ್ದವನಿಗೆ.

“ಪೂಜಾಕ್ಕ ಯಾರ್ಯಾರಿದ್ರು?”

“ನಾನು, ಹೆಣ್ತಿ ಶೀತಲ್, ಮಾವನವರು. ಮತ್ತ ನಮ್ಮ ಷಡ್ಡಕ ವೀರಭದ್ರ, ಶೀತಲಳ ಅಕ್ಕನ ಗಂಡ. ಹುಮನಾಬಾದಿನ್ಯಾಗ ಕಂಪ್ಯೂಟರ್ ಕ್ಲಾಸ್ ನಡಸ್ತಾನ.” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಇಲ್ಲರಿ, ಅಂವ ನನಗ ಅಣ್ಣ ಇದ್ದಂಗ.”

ಜ್ಞಾನೇಶ್ವರ ಮೀಸೆಯಲ್ಲೇ ನಕ್ಕರು. ಅವರಿಗೂ ಒಬ್ಬ ಷಡ್ಡಕನಿದ್ದ, ತಹಶೀಲ್ದಾರ. ಅತ್ತೆಮನೆಯ ಪಂಕ್ತಿಯಲ್ಲಿ ತುಪ್ಪ ಮೊದಲು ಬೀಳುವುದು ಆ ಮಹಾಶಯನ ಎಲೆಗೆ. ಹನ್ನೆರಡು ವರ್ಷದಿಂದ ಇನ್‌ಸ್ಪೆಕ್ಟರ್ ಸಾಹೇಬರು ಅದನ್ನು ನೋಡುತ್ತ ಉಣ್ಣುತ್ತಿದ್ದರು.

ಮಧ್ಯಾಹ್ನ 3:30, ಹುಮನಾಬಾದ್. ಕಂಪ್ಯೂಟರ್ ಕ್ಲಾಸಿನ ಕಪಾಟಿನಲ್ಲಿ ಅರಿಶಿನ ಹತ್ತಿದ ಎಂಬತ್ತೊಂಬತ್ತು ಕಾರ್ಡು, ಒಂದು ಡಬ್ಬಿ ನಕಲಿ ಗಡಿಯಾರ, ಕಂಪ್ಯೂಟರಿನಲ್ಲಿ ನಕಲಿ ತಾಣದ ಪುಟಗಳು ಸಿಕ್ಕವು. ಪಂಚರು ಸಹಿ ಹಾಕಿದರು. ವೀರಭದ್ರ ಅಲ್ಲಗಳೆಯಲಿಲ್ಲ.

“ರೊಕ್ಕ ಯಾಕ ತಗೊಳ್ಳಲಿಲ್ಲ?”

“ನಾ ಏನ್ ಕಳ್ಳ ಏನ್ರಿ?”

“ಮತ್ತ ಯಾಕ ಮಾಡಿದ್ರಿ?”

“ಹಿರೇ ಅಳಿಯ ನಾ ಇದ್ದೀನ್ರಿ. ಏಜೆನ್ಸಿ ಹಿಡಿಯೋ ವಿಚಾರ ಮೊದಲ ಮಾವನ ಮುಂದ ಹೇಳಿದಂವ ನಾ. ಅವರು ಕೊಡಿಸಿದ್ದು ಅವಗ. ಅದನ್ನೂ ನುಂಗಿಕೊಂಡೆ. ಪೂಜಾದ ದಿನ ಅವನ್ನ ಗಾದಿ ಮ್ಯಾಲ ಕುಂದ್ರಿಸಿದ್ರು. ನನಗ ಬಾಗಲದಾಗ ನಿಂತು ಬಂದವರಿಗೆ ಪೇಡೆ ಹಂಚು ಅಂದ್ರು. ಒಬ್ಬಾಕಿ ಪೇಡೆ ತಗೊಂಡು, ‘ನೀವು ಇಲ್ಲಿ ಕೆಲಸಕ್ಕಿದ್ದೀರೇನ್ರಿ?’ ಅಂತ ಕೇಳಿದಳು. ನನ್ನ ಹೆಣ್ತಿ ಅಲ್ಲೇ ನಿಂತಿದ್ದಳು.”

ಗಡಿಯಾರ ತರಿಸಿದ್ದೂ ಅವನೇ, ಅಂಚೆ ಖರ್ಚು ಕೊಟ್ಟದ್ದೂ ಅವನೇ. ಎದುರಿನವನಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಳ್ಳುವುದು ಎನ್ನುವುದು ಇದಕ್ಕೇ. ಸಂಜೆ 5:10ಕ್ಕೆ ಅವನನ್ನು ಬಂಧಿಸಲಾಯಿತು. ಅಂದೇ ಠಾಣೆಯಿಂದ ಕಂಪನಿಗೆ ಫ್ಯಾಕ್ಸ್ ಹೋಯಿತು, ಏಜೆನ್ಸಿ ಉಳಿಯಿತು. ಅದನ್ನು ಹೇಳಿದಾಗ ವೀರಭದ್ರ ತಲೆ ಮಾತ್ರ ಅಲ್ಲಾಡಿಸಿದ.

22ರ ಬೆಳಿಗ್ಗೆ, ಆರೋಪಿಯನ್ನು ನ್ಯಾಯಾಲಯಕ್ಕೆ ಒಯ್ಯುವ ಮೊದಲು, ಸಂಜೀವಕುಮಾರ ಮನೆಯ ಕಾಗದಪತ್ರ ಹಿಡಿದು ಠಾಣೆಗೆ ಬಂದ. ಶೀತಲಳ ಅಕ್ಕ ರಾತ್ರಿಯಿಂದ ಊಟ ಮಾಡಿಲ್ಲ, ಜಾಮೀನಿಗೆ ತಾನೇ ನಿಲ್ಲುತ್ತೇನೆ ಎಂದ. ಕೇಸ್ ಡೈರಿಯಲ್ಲಿ ಕಾರಣದ ಜಾಗಕ್ಕೆ ‘ವೈಯಕ್ತಿಕ ದ್ವೇಷ’ ಎಂದು ಬರೆದಿದ್ದ ಜ್ಞಾನೇಶ್ವರ, ಅದು ಪೂರ್ತಿ ಸರಿಯಲ್ಲವೆಂದು ಗೊತ್ತಿದ್ದೂ ಹಾಗೇ ಬಿಟ್ಟು, ಎದ್ದು ಹೋಗಿ ವೀರಭದ್ರನಿಗೆ ಸುದ್ದಿ ಹೇಳಿದರು.

ಅಲ್ಲಿಯವರೆಗೆ ಅಳದಿದ್ದ ವೀರಭದ್ರ ಲಾಕಪ್ಪಿನ ಸರಳು ಹಿಡಿದು ಬಿಕ್ಕಿದ.

“ಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ. ಎಷ್ಟು ವರ್ಷ ಆದ್ರೂ ಒಳಗಿರ್ತೀನಿ. ಅವನ ಕೈಲೆ ಮಾತ್ರ ನನ್ನ ಬಿಡಿಸಬ್ಯಾಡ್ರಿ.”