ಗರಿಮೀನಿನ ಕಾಲು ಮತ್ತೆ ಬಂದದ್ದು

ಬನ್ನಿ, ಗೋಡೆಗೆ ಒರಗಿ ಕೂತ್ಕೊಳ್ಳಿ. ಆ ಗಾಜಿನ ತೊಟ್ಟಿಗೆ ಬೆರಳು ಬಡಿಯೋದು ಬಿಟ್ಟು ಇಲ್ಲಿ ಕೇಳಿ.

ಬಹಳ ಹಿಂದೆ ಏಳುಕೊಳ ಅನ್ನೋ ರಾಜ್ಯ ಇತ್ತು. ಅಲ್ಲಿನ ದೊರೆ ಕೆಂಚರಾಯನನ್ನು ಹೊಗೆಗಣ್ಣ ಅನ್ನೋ ಮಂತ್ರವಾದಿ ಅಂಗಳದಲ್ಲಿ ನಿಂತ ಹಾಗೇ ಕಲ್ಲು ಮಾಡಿಬಿಟ್ಟ. ಗರಿಮೀನು ನಾಲ್ಕೂ ಕಾಲನ್ನು ಇವನ ಪಾದದ ಮೇಲೆ ಊರಿದರೆ ಜೀವ ಬರುತ್ತೆ, ಇಲ್ಲದಿದ್ದರೆ ಮುಂಗಾರಿನ ಮೊದಲ ಗುಡುಗಿಗೆ ಪುಡಿಯಾಗ್ತಾನೆ ಅಂದು ಹೋದ.

ದೊರೆಯ ಮಗಳು ಚೆಲುವಾಂಬೆ ಎರಡು ಗರಿಮೀನು ಸಾಕಿದ್ದಳು. ಈ ತೊಟ್ಟಿಯಲ್ಲಿರೋ ನಾಲ್ಕು ಕಾಲಿನ ನೀರುಪ್ರಾಣಿಗೆ ನೀವು ಆಕ್ಸೊಲಾಟಲ್ ಅಂತೀರಲ್ಲ, ಅಂಥದ್ದೇ. ಹಾಲಿನ ಬಣ್ಣ, ಕತ್ತಿನ ಸುತ್ತ ಕೆಂಪು ಗರಿ, ಸದಾ ನಕ್ಕಂತಿರೋ ಬಾಯಿ. ಒಂದು ಗುಂಡ, ಒಂದು ಚುಕ್ಕಿ. ಅಪ್ಪ ಕಲ್ಲಾದ ದುಃಖದಲ್ಲಿ ಅವಳು ಅವಕ್ಕೆ ಹುಳ ಹಾಕೋದನ್ನೇ ಮರೆತಳು. ಹಸಿದ ಗುಂಡ ಚುಕ್ಕಿಯ ಕಾಲು ನುಂಗಿತು, ಚುಕ್ಕಿ ಗುಂಡನ ಕಾಲು ನುಂಗಿತು. ಎರಡಕ್ಕೂ ಉಳಿದದ್ದು ಮೂರು ಮೂರೇ ಕಾಲು.

ಅವಳು ಅಳುತ್ತಾ ಬೈದಳು.

"ಹುಳ ಅಂದ್ಕೊಂಡೆ" ಅಂತು ಗುಂಡ.

"ನಾನೂ" ಅಂತು ಚುಕ್ಕಿ. "ಅಳಬೇಡ ತಾಯಿ. ನಮ್ಮಿಬ್ಬರನ್ನೂ ಬೇರೆ ಬೇರೆ ತೊಟ್ಟಿಗೆ ಬಿಡು. ತಣ್ಣನೆ ನೀರು ಹಾಕು, ಹೊತ್ತಿಗೆ ಸರಿಯಾಗಿ ಎರೆಹುಳ ಕೊಡು. ಕಾಲು ತಾನೇ ಬರುತ್ತೆ. ಬರೋವರೆಗೆ ಮುಟ್ಟಬೇಡ."

ಹೊಗೆಗಣ್ಣನಿಗೆ ಸುದ್ದಿ ಮುಟ್ಟಿತು. ಮೊದಲು ಪಂಡಿತನ ವೇಷದಲ್ಲಿ ಕುಂಟುತ್ತಾ ಬಂದ. ಗಾಯ ಕೊಳೆಯುತ್ತೆ, ಅರಿಶಿನ ಸುಣ್ಣದ ಲೇಪ ಹಚ್ಚು ಅಂದ. "ಮೊದಲು ನಿಮ್ಮ ಮಂಡಿಗೆ ಹಚ್ಕೊಳ್ಳಿ ಪಂಡಿತರೇ" ಅಂದು ಕಳಿಸಿದಳು.

ಗಾಯ ಮಾಯಿತು. ಎಳ್ಳಿನಷ್ಟು ಮೊಳಕೆ ಬಂತು.

ಆಮೇಲೆ ಸೋದರತ್ತೆಯ ವೇಷ. ಪಾಪ, ಚಳಿಗೆ ನಡುಗ್ತಿದೆ ಅಂತ ಬಿಸಿನೀರಿನ ಕೊಡ ಹೊತ್ತು ತಂದಿದ್ದ. ಆ ನೀರಲ್ಲಿ ನೀವೇ ಸ್ನಾನ ಮಾಡಿ ಅತ್ತೆ ಅಂದು ಅವನನ್ನೇ ಬಚ್ಚಲಿಗೆ ಅಟ್ಟಿದಳು.

ಮೊಳಕೆ ಉದ್ದವಾಯಿತು, ಮೊಣಕಾಲು ಮಡಚಿತು. ಬೆರಳು ಮಾತ್ರ ಇನ್ನೂ ಬಿಡಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಮೋಡ ಕಟ್ಟಿತು. ಹೊಗೆಗಣ್ಣ ಕಲ್ಲಾದ ದೊರೆಯ ಹಿಂದೆ ಅವಿತು ದೊರೆಯ ದನಿಯಲ್ಲೇ ಕರೆದ. "ಮಗಳೇ, ಗುಡುಗು ಬರ್ತಿದೆ. ಅರ್ಧ ಕಾಲಾದರೂ ಸರಿ, ಎತ್ತಿ ತಾ."

ಚೆಲುವಾಂಬೆಯ ಕೈ ನೀರಿನವರೆಗೂ ಹೋಯಿತು. ಹಿಂದಕ್ಕೆ ಎಳಕೊಂಡಳು. "ಅಪ್ಪಾಜಿ, ನಿಮ್ಮ ದನಿ ಕೇಳಿ ಕರುಳು ಹಿಂಡ್ತಿದೆ. ಆದರೂ ಮುಟ್ಟಲ್ಲ" ಅಂದು ತನ್ನ ಎರಡೂ ಕೈ ಮೇಲೆ ತಾನೇ ಕೂತಳು.

ನೀರಲ್ಲಿ ಚುಕ್ಕಿಯ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. "ಈಗ ಎತ್ತು" ಅಂತು ಚುಕ್ಕಿ.

ಒದ್ದೆ ತಾವರೆ ಎಲೆಯಲ್ಲಿ ಎತ್ತಿಕೊಂಡು ಓಡಿ, ಕಲ್ಲುಪಾದದ ಮೇಲೆ ಬಿಟ್ಟಳು. ಚುಕ್ಕಿ ನಾಲ್ಕೂ ಕಾಲು ಊರಿತು. "ಯಾರಮ್ಮ ನನ್ನ ಕಾಲು ಒದ್ದೆ ಮಾಡಿದ್ದು?" ಅಂದ ದೊರೆ.

ದೊರೆಯನ್ನು ಬಿಟ್ಟ ಆ ಮಾಟ, ಅದನ್ನು ಮಾಡಿದವನ ಮೈಗೇ ತಿರುಗಿ, ಹೊಗೆಗಣ್ಣ ನಿಂತಲ್ಲೇ ಕಲ್ಲಾದ. ಆಗ ಗುಡುಗಿತು.

ಅವನ ಪುಡಿಯನ್ನು ಅಂಗಳದ ಗುಂಡಿಗೆ ತುಂಬಿದರು. ಕೆಂಚರಾಯ ಮುಪ್ಪಿನವರೆಗೂ ಆಳಿದ, ಪಾದ ತಣ್ಣಗಾಗುತ್ತೆ ಅಂತ ಆಗಾಗ ಗೊಣಗುತ್ತಿದ್ದ. ಆಮೇಲೆ ಚೆಲುವಾಂಬೆ ಪಟ್ಟಕ್ಕೆ ಬಂದಳು, ಮೆಚ್ಚಿದವನನ್ನು ಮದುವೆಯಾದಳು. ಗುಂಡನಿಗೂ ಕಾಲು ಬಂತು, ಚೂರು ಗಿಡ್ಡ. ಗುಂಡ, ಚುಕ್ಕಿ ಪಕ್ಕಪಕ್ಕದ ತೊಟ್ಟಿಗಳಲ್ಲಿ ಒಂದನ್ನೊಂದು ನೋಡಿ ನಗುತ್ತಾ, ಎಂಟೂ ಕಾಲು ಉಳಿಸಿಕೊಂಡು ಸುಖವಾಗಿದ್ದವು.