ಖಾಲಿ ಬಿಟ್ಟ ಸೊನ್ನೆ

೧೯೯೧ರ ಫೆಬ್ರುವರಿ ೧೨, ಮಂಗಳವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ.

ಅವಳು ಬಾಗಿಲು ತೆರೆದಾಗ ರಟ್ಟಿನ ಪೆಟ್ಟಿಗೆ ಹೊತ್ತ ಒಬ್ಬ ನಿಂತಿದ್ದ. ಪೆಟ್ಟಿಗೆಯ ಮೇಲೆ ಕಾಣುತ್ತಿದ್ದದ್ದು ಬರೀ ಎರಡು ಕಣ್ಣು.

"ಕಂಪ್ಯೂಟರ್ ಮೇಡಂ ನೀವೇನಾ? ಇದು ನನ್ನ ಒಂಬತ್ತು ವರ್ಷ. ಬೀಳಿಸ್ಬೇಡಿ!"

ಅವನು ಜಲಸಂಶೋಧನಾ ಸಂಸ್ಥೆಯ ಪರವಾಗಿ ದಿನವೂ ನದಿಯ ನೀರಿನ ಮಟ್ಟ ಅಳೆದು, ಪುಸ್ತಕದಲ್ಲಿ ಬರೆದು, ಯಂತ್ರಕ್ಕೆಂದು ಟೈಪ್ ಮಾಡುವವನು; ಪೆಟ್ಟಿಗೆಯಲ್ಲಿದ್ದದ್ದು ಆ ಪುಸ್ತಕಗಳು, ಟೈಪ್ ಮಾಡಿದ ಡಿಸ್ಕುಗಳು. ಸಂಸ್ಥೆಯ ದೊಡ್ಡ ಕಂಪ್ಯೂಟರ್ ಯಂತ್ರ ಮುದಿಯಾಗಿತ್ತು. ಅದರೊಳಗಿನ ನದಿ-ಲೆಕ್ಕದ ಪ್ರೋಗ್ರಾಂ ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ಓಡುವಂತೆ ತಿದ್ದಿ ಬರೆಯುವುದು ಅವಳ ಕೆಲಸ. ಊಟದ ಮೇಜೇ ಕಚೇರಿ.

ಆಮೇಲೆ ಅವನು ಏನಾದರೊಂದು ನೆಪ ಹುಡುಕಿಕೊಂಡು ಬರತೊಡಗಿದ.

"ನದಿ ಅಳೆಯೋನು ದಿನಾ ನಮ್ಮನೆ ಮೆಟ್ಟಿಲು ಅಳೀತಿದ್ದಾನಲ್ಲೇ!" ಎಂದು ಅಕ್ಕ ಕಾಲೆಳೆದರೆ ಅವಳ ಕಿವಿ ಕೆಂಪಾಗುತ್ತಿತ್ತು.

ಏಪ್ರಿಲ್‌ನಲ್ಲಿ ಪ್ರೋಗ್ರಾಂ ಓಡಿತು. ಪರದೆಯ ಮೇಲೆ ನದಿ ಹುಚ್ಚು ಹಿಡಿದಂತೆ ಕುಣಿಯಿತು! ಒಂದು ದಿನ ೨೪೮ ಸೆಂಟಿಮೀಟರ್, ಮರುದಿನ ೨೫, ಅದರ ಮರುದಿನ ೨೫೩...

ಯಾವ ನದಿ ಹೀಗೆ ಹರಿಯುತ್ತದೆ? 'ಮನೆಯಲ್ಲಿ ಕೂತು ಅಂಕಿ ಗೀಚಿದ್ದಾನೆ... ನನ್ನ ಹತ್ತಿರ ಆಡಿದ್ದೂ ಸುಳ್ಳೇ ಇರಬೇಕು...' ಕಣ್ಣೊರೆಸಿಕೊಂಡು ವರದಿ ಬರೆದಳು: ಅಳತೆಗಳು ಕಲ್ಪಿತ.

"ನಾನು ಸುಳ್ಳು ಬರೆದೆ ಅಂತ ನೀನೂ ನಂಬ್ತೀಯಾ?" ಅವನು ಬಂದು ಕೇಳಿದ.

"ನಾನು ಅಂಕಿ ನಂಬ್ತೀನಿ. ಮನುಷ್ಯರನ್ನಲ್ಲ."

ಅವನು ಮೆಟ್ಟಿಲಿಳಿದ. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು.

ಜೂನ್‌ನಲ್ಲಿ ಪೆಟ್ಟಿಗೆ ವಾಪಸ್ ಕಳಿಸಲು ಕಟ್ಟುವಾಗ ಅವನ ಕೈಬರಹದ ಪುಸ್ತಕವೊಂದು ಜಾರಿ ತೆರೆದುಕೊಂಡಿತು. ಶಾಯಿಯಲ್ಲಿ ೨೫೦. ಪರದೆಯಲ್ಲಿ ೨೫!

ಟೈಪ್ ಮಾಡುವಾಗ ಕೊನೆಯ ಸೊನ್ನೆಯ ಜಾಗ ಖಾಲಿ ಬಿಡುವುದು ಅವನ ರೂಢಿ. ಹಳೆಯ ಯಂತ್ರ ಆ ಖಾಲಿ ಜಾಗವನ್ನು ಸೊನ್ನೆ ಎಂದೇ ಓದುತ್ತಿತ್ತು. ಅವಳ ಕಂಪ್ಯೂಟರ್ ಅಲ್ಲಿ ಏನೂ ಇಲ್ಲವೆಂದು ಮುಂದೆ ಹೋಗಿತ್ತು.

ಒಂದೇ ಒಂದು ಪುಟ ತೆರೆದು ನೋಡಿದ್ದರೆ ಸಾಕಿತ್ತು...

ಅವಳು ಸಂಸ್ಥೆಗೆ ಓಡಿದಳು. ಮುಖ್ಯಸ್ಥರು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡರು. "ಆ ಜಾಗಕ್ಕೆ ಬೇರೆಯವರು ಬಂದಾಯ್ತಮ್ಮ. ಸತ್ತ ಫೈಲ್ ಯಾಕೆ ಎಬ್ಬಿಸ್ತೀಯ?"

ಅವನೀಗ ಲಾರಿ ತೂಗುವ ವೇಬ್ರಿಡ್ಜಿನ ಗೂಡಿನಲ್ಲಿ ಕೂರುತ್ತಿದ್ದ. ನೆತ್ತಿ ಸುಡುವ ಬಿಸಿಲಲ್ಲಿ ಅವಳು ಲಾರಿ ನಿಲ್ಲಿಸಿ ತೂಗುವ ಕಬ್ಬಿಣದ ಹಾಸಿನ ಮೇಲೆ ಹೋಗಿ ನಿಂತಳು.

"ಪಕ್ಕಕ್ಕೆ ಸರೀರಮ್ಮ. ಲಾರಿ ಬರೋ ಜಾಗ."

ಅಮ್ಮ! ದಾರಿಹೋಕರನ್ನು ಕರೆದಂತೆ...

"ಏನಣ್ಣ, ಮನೆಯೋರಾ?" ಒಬ್ಬ ಡ್ರೈವರ್ ನಕ್ಕ.

"ಅಲ್ಲ. ನನ್ನ ಅನ್ನ ಕಿತ್ಕೊಂಡೋರು."

"ತಪ್ಪು ನಂದು..." ಅವಳು ಮೆಲ್ಲಗೆ ಅಂದಳು.

"ಕೇಳಿಸ್ಲಿಲ್ಲ. ಅಷ್ಟು ಚೆನ್ನಾಗಿ ವರದಿ ಬರೆದೋರಿಗೆ ಗಂಟಲಿಲ್ವಾ?"

ಎಲ್ಲರೆದುರು ಅವಳು ಕೂಗಿದಳು. "ಇವರು ಸುಳ್ಳು ಬರೆದಿಲ್ಲ! ನಾನೇ ತಪ್ಪು ಓದಿದೆ!"

ಡ್ರೈವರನ ನಗು ನಿಂತಿತು.

"ಆಯ್ತಾ? ಇನ್ನೇನು?"

"ಪ್ರೀತಿಸ್ತೀನಿ."

ಅವನು ಗೂಡಿನಿಂದ ಹೊರಗೆ ಬಂದ. "ನಾನೂ. ಅದಕ್ಕೇ ನಿನ್ನ ಕೈಬರಹದಲ್ಲಿ ಆ ವರದೀನ ಓದೋಕಾಗ್ಲಿಲ್ಲ. ಕ್ಷಮಿಸಿಲ್ಲ ನಿನ್ನ."

"ಗೊತ್ತು."

"ಯಾವತ್ತು ಕ್ಷಮಿಸ್ತೀನೋ ಅದೂ ಗೊತ್ತಿಲ್ಲ."

"ಕಾಯ್ತೀನಿ."

ಅವನು ಹಾಸಿನ ಮೇಲೆ ಹತ್ತಿ ಅವಳ ಪಕ್ಕ ನಿಂತ. ಹಿಂದೆ ಲಾರಿ ಹಾರ್ನ್ ಬಾರಿಸಿತು.

"ಸರೀಬೇಕಲ್ವಾ?" ಅವಳು ಕೇಳಿದಳು.

"ಹೊಡ್ಕೊಳ್ಲಿ ಬಿಡು."

ಗೂಡಿನೊಳಗೆ ಕೆಂಪು ಅಂಕಿ ಇಬ್ಬರ ತೂಕ ತೋರಿಸಿತು: ೧೧೫ ಕಿಲೋ.